ಅಂಗಡಿಯಿಂದ ಗ್ರಾಹಕರಿಗೆ ಎಸ್‌ಎಂಎಸ್ ಕಳಿಸುವ ಮುಂಚೆ: ಪದೇ ಪದೇ ಕೇಳುವ ಪ್ರಶ್ನೆಗಳು

ತುಮಕೂರು ಸುತ್ತಮುತ್ತಲಿನ ಬಟ್ಟೆ ಅಂಗಡಿ, ಕ್ಲಿನಿಕ್, ಟ್ಯೂಷನ್ ಸೆಂಟರ್, ಪತ್ತಿನ ಸಹಕಾರ ಸಂಘಗಳಿಗೆ ಎಸ್‌ಎಂಎಸ್ ವ್ಯವಸ್ಥೆ ಮಾಡಿಕೊಡುವುದು ನನ್ನ ಕೆಲಸ. ಬೆಳಗಿಂದ ಸಂಜೆವರೆಗೂ ಫೋನಲ್ಲಿ ಅವೇ ಪ್ರಶ್ನೆಗಳು. ಹಬ್ಬದ ಹಿಂದಿನ ವಾರವಂತೂ ಊಟಕ್ಕೂ ಬಿಡುವುದಿಲ್ಲ. ಅದಕ್ಕೇ ಎಲ್ಲವನ್ನೂ ಒಂದು ಕಡೆ ಬರೆದಿಟ್ಟಿದ್ದೇನೆ. ನಾನು ವಕೀಲನಲ್ಲ. ದಿನಾ ಈ ಪೋರ್ಟಲ್‌ಗಳ ಜೊತೆ ಗುದ್ದಾಡುವವನು, ಅಷ್ಟೇ.

ನನ್ನ ಗ್ರಾಹಕರು, ಅವರೇ ಕೊಟ್ಟ ನಂಬರು. ಮೆಸೇಜ್ ಕಳಿಸೋಕೆ ಇನ್ಯಾರನ್ನ ಕೇಳಬೇಕು?

ಕೇಳಬೇಕು. ನಂಬರು ನಿಮ್ಮ ಬಿಲ್ ಬುಕ್ಕಿನಲ್ಲಿದೆ ಅಂದ ಮಾತ್ರಕ್ಕೆ ಆ ಫೋನಿಗೆ ಏನು ಬೇಕಾದರೂ ಕಳಿಸಬಹುದು ಅಂತಲ್ಲ. ಬೇಡದ ಕರೆ, ಮೆಸೇಜ್ ತಡೆಯಲು ಟ್ರಾಯ್, ಅಂದರೆ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ, 2007ರಲ್ಲೇ ನಿಯಮ ತಂದಿತ್ತು. 2010ರಲ್ಲಿ ಇನ್ನೊಂದು ಬಂತು. ಈಗ ನಡೆಯುತ್ತಿರುವುದು 2018ರ ಜುಲೈ 19ರ ನಿಯಮ. ಅದಕ್ಕೆ 2025ರ ಫೆಬ್ರವರಿ 12ರಂದು ದೊಡ್ಡ ತಿದ್ದುಪಡಿ ಆಯಿತು.

ಇಷ್ಟೆಲ್ಲಾ ನಿಯಮದ ತಿರುಳು ಎರಡೇ ಪ್ರಶ್ನೆ. ಇದನ್ನು ಕಳಿಸಿದ್ದು ಯಾರು? ಬಂದವರಿಗೆ ಇದು ಬೇಕಿತ್ತಾ? ಕೆಳಗೆ ಬರುವ ಹೆಡರು, ಟೆಂಪ್ಲೇಟು (ಮೊದಲೇ ನೋಂದಾಯಿಸಿಟ್ಟ ಮೆಸೇಜಿನ ಮಾದರಿ), ಒಪ್ಪಿಗೆ ಎಲ್ಲವೂ ಈ ಎರಡರಲ್ಲಿ ಒಂದಕ್ಕೆ ಉತ್ತರ.

ನಂದು ಪುಟ್ಟ ಅಂಗಡಿ. ನನ್ನ ಸಿಮ್‌ನಿಂದಲೇ ಕಳಿಸಿಬಿಡ್ತೀನಿ. ಪ್ಯಾಕಲ್ಲಿ ದಿನಕ್ಕೆ 100 ಎಸ್‌ಎಂಎಸ್ ಫ್ರೀ ಇದೆಯಲ್ಲ?

ಆ ನೂರು ಇರುವುದು ನೀವು ನೆಂಟರಿಷ್ಟರಿಗೆ ಕಳಿಸಲಿ ಅಂತ. ಹತ್ತಂಕಿಯ ಸಾಮಾನ್ಯ ನಂಬರಿನಿಂದ ವ್ಯಾಪಾರದ ಪ್ರಚಾರ ಮಾಡುವ ಹಾಗೇ ಇಲ್ಲ. ಮಾಡಿದರೆ ನಿಯಮದ ಕಣ್ಣಿಗೆ ನೀವು ನೋಂದಾಯಿಸದ ಟೆಲಿಮಾರ್ಕೆಟರ್.

ಹಿಂದೆ ಏಳು ದಿನದಲ್ಲಿ 10 ದೂರು ಬಂದರೆ ಕ್ರಮ ಅಂತಿತ್ತು. 2025ರ ತಿದ್ದುಪಡಿಯಲ್ಲಿ ಅದು ಹತ್ತು ದಿನದಲ್ಲಿ 5 ದೂರಿಗೆ ಇಳಿಯಿತು. ಐದು ಜನ ಅಂದರೆ ಎಷ್ಟು? ನಿಮ್ಮ ಬೀದಿಯಲ್ಲೇ ಸಿಗುತ್ತಾರೆ. ದೂರು ಕೊಡಲು ಗ್ರಾಹಕರಿಗೆ ಈಗ ಮೂರರ ಬದಲು ಏಳು ದಿನ ಸಮಯ. ಮೊಬೈಲ್ ಕಂಪನಿ ಐದು ದಿನದೊಳಗೆ ಕ್ರಮ ಕೈಗೊಳ್ಳಬೇಕು, ಮೊದಲು ಮೂವತ್ತು ದಿನ ಇತ್ತು. ತಪ್ಪು ಸಾಬೀತಾದರೆ ಮೊದಲ ಸಲ 15 ದಿನ ನಿಮ್ಮ ನಂಬರಿನಿಂದ ಹೊರಹೋಗುವ ಸೇವೆ ಬಂದ್. ಮತ್ತೆ ಮಾಡಿದರೆ ನಿಮ್ಮ ಹೆಸರಿನ ಎಲ್ಲಾ ನಂಬರುಗಳೂ ಒಂದು ವರ್ಷ ಬಂದ್. ಅಂಗಡಿ ಬೋರ್ಡಿನ ಮೇಲೆ ಬರೆಸಿರುವ ನಂಬರೇ ಸತ್ತುಹೋದರೆ ಏನು ಮಾಡುತ್ತೀರಿ, ಯೋಚಿಸಿ.

ಇದು ಬರೀ ಬೆದರಿಕೆಯಲ್ಲ. 2024ರ ಆಗಸ್ಟ್‌ನಲ್ಲಿ ಟ್ರಾಯ್ ಖಡಕ್ ಆದೇಶ ಕೊಟ್ಟ ಮೇಲೆ ಕೆಲವೇ ವಾರಗಳಲ್ಲಿ 2.75 ಲಕ್ಷಕ್ಕೂ ಜಾಸ್ತಿ ಸಂಪರ್ಕಗಳನ್ನು ಕಡಿದು ಹಾಕಿದ್ದರು.

ಈ ಡಿಎಲ್‌ಟಿ ಅಂದರೆ ಏನು?

ಡಿಸ್ಟ್ರಿಬ್ಯೂಟೆಡ್ ಲೆಡ್ಜರ್ ಟೆಕ್ನಾಲಜಿ. ಹೆಸರು ಕೇಳಿ ಹೆದರಬೇಡಿ. ಎಲ್ಲಾ ಮೊಬೈಲ್ ಕಂಪನಿಗಳೂ ಸೇರಿ ಇಟ್ಟುಕೊಂಡಿರುವ ಒಂದು ಲೆಕ್ಕದ ಪುಸ್ತಕ ಅಂದುಕೊಳ್ಳಿ. ಯಾವ ಸಂಸ್ಥೆ, ಯಾವ ಹೆಸರಲ್ಲಿ, ಯಾವ ಸಾಲು ಕಳಿಸಬಹುದು ಅನ್ನುವುದೆಲ್ಲ ಅದರಲ್ಲಿ ಬರೆದಿರುತ್ತದೆ. ನೀವು ಕಳಿಸಿದ ಪ್ರತಿ ಮೆಸೇಜನ್ನೂ ಆ ಪುಸ್ತಕದ ಜೊತೆ ತಾಳೆ ನೋಡುತ್ತಾರೆ. ಇದಕ್ಕೆ ನಮ್ಮ ಲೈನಿನಲ್ಲಿ ಸ್ಕ್ರಬ್ಬಿಂಗ್ ಅನ್ನುತ್ತಾರೆ. ತಾಳೆಯಾದರೆ ಹೋಗುತ್ತದೆ, ಇಲ್ಲದಿದ್ದರೆ ಅಲ್ಲೇ ಬೀಳುತ್ತದೆ.

ಜಿಯೋ, ಏರ್‌ಟೆಲ್, ವಿಐ, ಬಿಎಸ್‌ಎನ್‌ಎಲ್ ಎಲ್ಲರದ್ದೂ ಬೇರೆ ಬೇರೆ ಪೋರ್ಟಲ್ ಇದೆ. ಯಾವುದಾದರೂ ಒಂದರಲ್ಲಿ ನೋಂದಾಯಿಸಿದರೆ ಸಾಕು, ಮೆಸೇಜು ಎಲ್ಲರಿಗೂ ತಲುಪುತ್ತದೆ. "ನಮ್ಮ ಗ್ರಾಹಕರಲ್ಲಿ ಜಾಸ್ತಿ ಜನ ಜಿಯೋದವರು, ಹಾಗಾಗಿ ಜಿಯೋದಲ್ಲೇ ಮಾಡಿ" ಅಂತ ಹಟ ಹಿಡಿಯುವವರಿದ್ದಾರೆ. ಬೇಕಾಗಿಲ್ಲ.

ನೋಂದಣಿಗೆ ಏನೇನು ಬೇಕು? ಎಷ್ಟು ಖರ್ಚು?

ಪ್ಯಾನ್ ಕಾರ್ಡ್, ಜಿಎಸ್‌ಟಿ ಅಥವಾ ವ್ಯವಹಾರದ ನೋಂದಣಿ ಪತ್ರ, ಲೆಟರ್‌ಹೆಡ್ ಮೇಲೆ ಸಹಿ ಮತ್ತು ಸೀಲು ಇರುವ ಅಧಿಕಾರ ಪತ್ರ, ಸಹಿ ಮಾಡುವವರ ಗುರುತಿನ ಚೀಟಿ. ಶುಲ್ಕ ಆಯಾ ಕಂಪನಿಯ ಮೇಲೆ. 5,000 ರೂಪಾಯಿ ಮತ್ತು 18% ಜಿಎಸ್‌ಟಿ ಸೇರಿ 5,900 ತೆಗೆದುಕೊಳ್ಳುವವರಿದ್ದಾರೆ. ಒಪ್ಪಿಗೆಯಾದ ಮೇಲೆ ನಿಮಗೊಂದು ಉದ್ದನೆಯ ಐಡಿ ಬರುತ್ತದೆ, ಅದಕ್ಕೆ ಪಿಇ ಐಡಿ ಅನ್ನುತ್ತಾರೆ (ಪಿಇ ಅಂದರೆ ಪ್ರಿನ್ಸಿಪಲ್ ಎಂಟಿಟಿ, ಮೆಸೇಜ್ ಕಳಿಸುವ ಸಂಸ್ಥೆ). ಎಲ್ಲಾದರೂ ಬರೆದಿಟ್ಟುಕೊಳ್ಳಿ, ಮುಂದೆ ಪ್ರತಿಯೊಬ್ಬರೂ ಅದನ್ನೇ ಕೇಳುವುದು.

ಅರ್ಜಿ ವಾಪಸ್ ಬರುವುದು ಹೆಚ್ಚಾಗಿ ಒಂದೇ ಕಾರಣಕ್ಕೆ. ಪ್ಯಾನ್‌ನಲ್ಲಿ ಮಾಲೀಕರ ಹೆಸರು, ಜಿಎಸ್‌ಟಿಯಲ್ಲಿ ಅಂಗಡಿ ಹೆಸರು, ಲೆಟರ್‌ಹೆಡ್‌ನಲ್ಲಿ ತಾತನ ಕಾಲದ ಇನ್ನೊಂದು ಹೆಸರು. ಮೂರೂ ಹೊಂದುವ ಹಾಗೆ ನೋಡಿಕೊಳ್ಳಿ. ಖುದ್ದು ಪರಿಶೀಲನೆ, ಬಯೋಮೆಟ್ರಿಕ್ ಕೂಡ 2025ರ ತಿದ್ದುಪಡಿಯಲ್ಲಿ ಸೇರಿದೆ. ಹಾಗಾಗಿ ಬೇರೆ ಯಾರದೋ ದಾಖಲೆಯಲ್ಲಿ ಮಾಡಿಸಿಕೊಡಿ ಅಂತ ಕೇಳಲೇಬೇಡಿ.

ಹೆಡರ್ ಅಂದರೆ?

ಮೆಸೇಜ್ ಬಂದಾಗ ನಂಬರಿನ ಜಾಗದಲ್ಲಿ ಕಾಣುವ ಹೆಸರು. ಸಾಮಾನ್ಯವಾಗಿ ಇಂಗ್ಲಿಷಿನ ಆರು ಅಕ್ಷರ. ನಿಮ್ಮ ಅಂಗಡಿ ಹೆಸರಿಗೆ ಹೋಲುವಂತಿರಬೇಕು. ಬೇರೆಯವರ ಬ್ರ್ಯಾಂಡಿಗೆ ಹತ್ತಿರ ಹೋದರೆ ತಿರಸ್ಕರಿಸುತ್ತಾರೆ.

ಈಗಲೇ ನಿಮ್ಮ ಫೋನಿನ ಇನ್‌ಬಾಕ್ಸ್ ತೆಗೆದು ನೋಡಿ. ಹೆಸರಿಗಿಂತ ಮೊದಲು ಎರಡು ಅಕ್ಷರ ಇದೆ ಅಲ್ವಾ? ಮೊದಲನೆಯದು ಕಂಪನಿ: ಎ ಅಂದರೆ ಏರ್‌ಟೆಲ್, ಜೆ ಅಂದರೆ ಜಿಯೋ, ವಿ ಅಂದರೆ ವಿಐ, ಬಿ ಅಂದರೆ ಬಿಎಸ್‌ಎನ್‌ಎಲ್. ಎರಡನೆಯದು ವಲಯ. ನಮ್ಮ ಕರ್ನಾಟಕಕ್ಕೆ ಸಿಕ್ಕಿರುವುದು ಎಕ್ಸ್. ಡಿ ಇದ್ದರೆ ದೆಹಲಿ, ಎಂ ಇದ್ದರೆ ಮುಂಬೈ. ಇದು ಮೆಸೇಜ್ ಹೊರಟ ಜಾಗ, ನೀವಿರುವ ಜಾಗ ಅಲ್ಲ. ಅದಕ್ಕೇ ತಿಪಟೂರಿನಲ್ಲಿ ಕೂತವರಿಗೂ ದೆಹಲಿಯ ಅಕ್ಷರ ಹೊತ್ತು ಮೆಸೇಜ್ ಬರುತ್ತದೆ.

ಕೊನೆಯಲ್ಲೂ ಒಂದು ಗೆರೆ, ಒಂದು ಅಕ್ಷರ ಕಾಣುತ್ತದೆ. ಇದು 2025ರ ಮೇ ತಿಂಗಳಿಂದ ಬಂದದ್ದು. ಪಿ ಅಂದರೆ ಪ್ರಚಾರ, ಎಸ್ ಅಂದರೆ ಸೇವೆ, ಟಿ ಅಂದರೆ ವಹಿವಾಟು, ಜಿ ಅಂದರೆ ಸರ್ಕಾರ. ಇದನ್ನು ನೀವು ಹಾಕುವುದಲ್ಲ, ನಿಮ್ಮ ಟೆಂಪ್ಲೇಟ್ ಯಾವ ಬಗೆಯದೋ ಅದರ ಪ್ರಕಾರ ಮೊಬೈಲ್ ಕಂಪನಿಯವರೇ ಅಂಟಿಸುತ್ತಾರೆ. ನನ್ನ ಕೇಳಿದರೆ ಇಷ್ಟು ವರ್ಷದಲ್ಲಿ ಟ್ರಾಯ್ ಮಾಡಿದ ಒಳ್ಳೆಯ ಕೆಲಸ ಇದೇ. ಮೆಸೇಜ್ ತೆರೆಯುವ ಮುಂಚೆಯೇ ಗೊತ್ತಾಗುತ್ತದೆ, ಇದು ಮಾರುವ ಮಾತೋ ಕೆಲಸದ ಮಾತೋ ಅಂತ.

ಟೆಂಪ್ಲೇಟ್ ಒಪ್ಪಿಗೆಯಾಗಿದೆ. ಒಂದೆರಡು ಪದ ಬದಲಿಸಿದರೆ ಏನಾಗುತ್ತದೆ?

ಮೆಸೇಜ್ ಹೋಗುವುದಿಲ್ಲ.

ಒಂದು ಸಲ ಯುಗಾದಿ ಹಿಂದಿನ ದಿನ ಒಂದು ಸೀರೆ ಅಂಗಡಿಯವರು ಫೋನ್ ಮಾಡಿದರು. "ಸಾರ್, ನಾಲ್ಕು ಸಾವಿರ ಮೆಸೇಜ್ ಬಿಟ್ಟಿದ್ದೀವಿ, ಒಂದೂ ಹೋಗಿಲ್ಲ." ಟೆಂಪ್ಲೇಟ್ ಸರಿಯಾಗಿತ್ತು, ಹೆಡರ್ ಸರಿಯಾಗಿತ್ತು, ಲಿಸ್ಟೂ ಸರಿ. ಅರ್ಧ ಗಂಟೆ ಹುಡುಕಿದ ಮೇಲೆ ಸಿಕ್ಕಿತು. ಮಾಲೀಕರ ಮಗ ಕೊನೇ ಗಳಿಗೆಯಲ್ಲಿ "ಆಫರ್" ಅನ್ನುವ ಪದದ ಮುಂದೆ "ಬಂಪರ್" ಅಂತ ಸೇರಿಸಿದ್ದ. "ಚೆನ್ನಾಗಿ ಕಾಣಲಿ ಅಂತ ಹಾಕ್ದೆ ಅಂಕಲ್" ಅಂದ. ತೆಗೆದು ಮತ್ತೆ ಬಿಟ್ಟೆವು. ಅಷ್ಟರಲ್ಲಿ ರಾತ್ರಿ ಎಂಟೂವರೆ. ಅರ್ಧದಷ್ಟು ಹೋದವು, ಒಂಬತ್ತಾದ ಮೇಲೆ ಉಳಿದವು ನಿಂತವು. ಒಂಬತ್ತರ ಕಥೆ ಆಮೇಲೆ ಹೇಳುತ್ತೇನೆ.

ಬದಲಾಗುವ ಭಾಗಕ್ಕೆ, ಅಂದರೆ ಗ್ರಾಹಕರ ಹೆಸರು, ಬಿಲ್ ಮೊತ್ತ, ದಿನಾಂಕಕ್ಕೆ, ಟೆಂಪ್ಲೇಟಿನಲ್ಲಿ ಖಾಲಿ ಜಾಗ ಬಿಡಬಹುದು. ಅದಕ್ಕೆ ವೇರಿಯಬಲ್ ಅನ್ನುತ್ತಾರೆ. ಒಂದೊಂದು ವೇರಿಯಬಲ್‌ಗೂ ಅಕ್ಷರದ ಮಿತಿ ಇದೆ. ಬುದ್ಧಿವಂತರು ಕೆಲವರು ಇಡೀ ಮೆಸೇಜನ್ನೇ ಖಾಲಿ ಜಾಗ ಮಾಡಿ ಕಳಿಸುತ್ತಾರೆ, ಅದು ಪಾಸಾಗುವುದಿಲ್ಲ. ಖಾಲಿ ಜಾಗದಲ್ಲಿ ಬರುವುದು ಲಿಂಕೋ, ಫೋನ್ ನಂಬರೋ, ಬರೀ ಅಂಕಿಯೋ ಅಂತ ಮೊದಲೇ ಗುರುತು ಹಾಕಬೇಕು ಎಂದು ಟ್ರಾಯ್ 2025ರ ನವೆಂಬರ್‌ನಲ್ಲಿ ಆದೇಶಿಸಿದೆ. ಹಳೇ ಟೆಂಪ್ಲೇಟ್ ಇದ್ದವರು ಒಮ್ಮೆ ಪೋರ್ಟಲ್‌ಗೆ ಹೋಗಿ ನೋಡಿಕೊಳ್ಳಿ.

ಒಂದು ಪದಕ್ಕೆ ಇಷ್ಟು ರಂಪವಾ ಅಂತ ಅನ್ನಿಸಬಹುದು. 2021ರ ಮಾರ್ಚ್ 8ರಂದು ಈ ತಾಳೆ ನೋಡುವ ಕೆಲಸ ಶುರು ಮಾಡಿದ ದಿನ ದೇಶದಲ್ಲೆಲ್ಲ ಬ್ಯಾಂಕ್ ಒಟಿಪಿಗಳೇ ನಿಂತುಹೋಗಿದ್ದವು, ದೊಡ್ಡ ದೊಡ್ಡ ಬ್ಯಾಂಕುಗಳೇ ಟೆಂಪ್ಲೇಟ್ ಸರಿ ಮಾಡಿಕೊಂಡಿರಲಿಲ್ಲ. ಮಾರನೇ ದಿನವೇ ಟ್ರಾಯ್ ಒಂದು ವಾರ ತಡೆ ಕೊಟ್ಟಿತು. ಬಂಪರ್ ಹುಡುಗನಿಗೆ ಈ ಕಥೆ ಹೇಳಿ ಸಮಾಧಾನ ಮಾಡಿದ್ದೆ.

ಬಿಲ್ ಮೆಸೇಜಿನ ಕೊನೆಗೆ ಒಂದು ಸಾಲು ಆಫರ್ ಸೇರಿಸಬಹುದಾ?

ಬೇಡ. ನಾನು ನೋಡಿದ ತಪ್ಪುಗಳಲ್ಲಿ ಅರ್ಧ ಇದೇ.

"ನಿಮ್ಮ ಬಿಲ್ 1,240 ರೂಪಾಯಿ ಸಂದಾಯವಾಗಿದೆ" ಅನ್ನುವುದು ಸೇವೆಯ ಮೆಸೇಜ್. ಗ್ರಾಹಕರು ಡಿಎನ್‌ಡಿ, ಅಂದರೆ ಪ್ರಚಾರ ಬೇಡ ಅನ್ನುವ ನೋಂದಣಿ, ಹಾಕಿದ್ದರೂ ಹೋಗುತ್ತದೆ, ಯಾವ ಹೊತ್ತಿಗಾದರೂ ಹೋಗುತ್ತದೆ. ಅದಕ್ಕೆ "ಮುಂದಿನ ಖರೀದಿಗೆ 10% ರಿಯಾಯಿತಿ" ಅಂತ ಬಾಲ ಕಟ್ಟಿದಿರೋ, ಇಡೀ ಮೆಸೇಜೇ ಪ್ರಚಾರ ಆಗಿಬಿಡುತ್ತದೆ. ಹಾಲಿಗೆ ಹುಳಿ ಹಿಂಡಿದ ಹಾಗೆ, ಒಂದು ಹನಿ ಸಾಕು. ಬಿಲ್ಲಿಗೆ ಒಂದು ಟೆಂಪ್ಲೇಟ್, ಆಫರಿಗೆ ಇನ್ನೊಂದು. ಒಂದು ಮೆಸೇಜಿನ ದುಡ್ಡು ಉಳಿಸಲು ಹೋಗಿ ಎರಡನ್ನೂ ಕಳೆದುಕೊಳ್ಳಬೇಡಿ.

ಕ್ಲಿನಿಕ್‌ನವರು ಕೇಳುತ್ತಾರೆ: "ನಾಳೆ ಹತ್ತಕ್ಕೆ ಅಪಾಯಿಂಟ್‌ಮೆಂಟ್ ಇದೆ" ಅನ್ನುವುದು ಯಾವುದು? ಸೇವೆ. "ಹಲ್ಲು ಬಿಳುಪಿಗೆ ವಿಶೇಷ ಪ್ಯಾಕೇಜ್" ಅನ್ನುವುದು? ಪ್ರಚಾರ, ಡಾಕ್ಟರೇ.

ಒಪ್ಪಿಗೆ ಅಂದರೆ ಹೇಗೆ ತೆಗೆದುಕೊಳ್ಳುವುದು? ನಂಬರ್ ಕೊಟ್ಟರೆ ಒಪ್ಪಿದ ಹಾಗಲ್ವಾ?

ಅಲ್ಲ. ಬಿಲ್ಲಿಗೆ ನಂಬರ್ ಕೊಟ್ಟವರು ಬಿಲ್ಲಿಗೆ ಮಾತ್ರ ಕೊಟ್ಟಿದ್ದಾರೆ. ನಡೆಯುತ್ತಿರುವ ಒಂದು ವ್ಯವಹಾರ ಮುಗಿಸಲು ಕೊಟ್ಟ ಒಪ್ಪಿಗೆಗೆ ಏಳೇ ದಿನ ಆಯಸ್ಸು ಅಂತ 2025ರ ತಿದ್ದುಪಡಿ ಹೇಳುತ್ತದೆ. ಆಫರ್ ಕಳಿಸಲು ಬೇರೆಯಾಗಿ, ಸ್ಪಷ್ಟವಾಗಿ ಒಪ್ಪಿಗೆ ಬೇಕು, ಅದು ದಾಖಲಾಗಿರಬೇಕು. ಇದಕ್ಕೆಂದೇ ಡಿಜಿಟಲ್ ಒಪ್ಪಿಗೆಯ ವ್ಯವಸ್ಥೆ ಇದೆ. 127ರಿಂದ ಶುರುವಾಗುವ ಕೋಡ್‌ನಿಂದ ಗ್ರಾಹಕರಿಗೆ ಕೇಳಿಕೆ ಹೋಗುತ್ತದೆ, ಅವರು ಹೂಂ ಅಂದರೆ ಪುಸ್ತಕಕ್ಕೆ ಏರುತ್ತದೆ.

ಬೇಡ ಅಂತ ಹೊರಗೆ ಹೋದವರನ್ನು ಮತ್ತೆ 90 ದಿನ ಒಪ್ಪಿಗೆ ಕೇಳುವಂತಿಲ್ಲ. ಅವರಾಗಿಯೇ ವಾಪಸ್ ಬಂದರೆ ಸರಿ. ಪ್ರಚಾರದ ಪ್ರತಿ ಮೆಸೇಜಿನಲ್ಲೂ ಬೇಡ ಅನ್ನಲು ದಾರಿ ಕೊಟ್ಟಿರಬೇಕು, ಇದನ್ನು ಮರೆಯಬೇಡಿ.

ಇನ್ನು "ಹತ್ತು ಸಾವಿರ ನಂಬರಿನ ಡೇಟಾ ಕೊಡ್ತೀವಿ" ಅಂತ ಬರುವವರಿಂದ ಲಿಸ್ಟ್ ಕೊಂಡುಕೊಂಡವರು ನನ್ನ ಹತ್ತಿರ ಬರಬೇಡಿ.

ಡಿಎನ್‌ಡಿ ಹಾಕಿದವರಿಗೆ ಕಳಿಸಬಹುದಾ?

ಸೇವೆಯ ಮೆಸೇಜ್ ಕಳಿಸಬಹುದು. ಪ್ರಚಾರ, ಅವರು ನಿಮಗೆ ಬೇರೆಯಾಗಿ ಒಪ್ಪಿಗೆ ಕೊಟ್ಟಿದ್ದರೆ ಮಾತ್ರ. ಡಿಎನ್‌ಡಿ ಅಂದರೆ ಎಲ್ಲವೂ ಬಂದ್ ಅಂತಲೇ ಅಲ್ಲ. ಬ್ಯಾಂಕಿಂಗ್, ರಿಯಲ್ ಎಸ್ಟೇಟ್, ಶಿಕ್ಷಣ, ಆರೋಗ್ಯ, ಪ್ರವಾಸ ಹೀಗೆ ವಿಭಾಗಗಳಿವೆ. ಸೈಟ್ ಮಾರುವವರು ಬೇಡ, ಟ್ಯೂಷನ್ ಮಾಹಿತಿ ಬರಲಿ ಅಂತಲೂ ಆರಿಸಿಕೊಳ್ಳಬಹುದು. 1909ಕ್ಕೆ ಕರೆ ಅಥವಾ ಎಸ್‌ಎಂಎಸ್ ಮಾಡಿದರೆ ಆಗುತ್ತದೆ, ಟ್ರಾಯ್‌ನ ಡಿಎನ್‌ಡಿ ಆ್ಯಪ್ ಕೂಡ ಇದೆ. ದೂರು ಕೊಡಲೂ ಅದೇ 1909. ಅಂದ ಹಾಗೆ, ಈಗ ಡಿಎನ್‌ಡಿ ಹಾಕದವರೂ ದೂರು ಕೊಡಬಹುದು.

ಯಾವ ಹೊತ್ತಿಗೆ ಕಳಿಸಬೇಕು?

ಪ್ರಚಾರ ಆದರೆ ಬೆಳಗ್ಗೆ 10ರಿಂದ ರಾತ್ರಿ 9. ಸೇವೆಯದ್ದಕ್ಕೆ ಹೊತ್ತಿನ ಕಟ್ಟಿಲ್ಲ. 8:55ಕ್ಕೆ ಬಟನ್ ಒತ್ತಿ ಸಾವಿರಗಟ್ಟಲೆ ಹೋಗಲಿ ಅಂತ ಕಾಯಬೇಡಿ, ಸಾಲಿನಲ್ಲಿ ನಿಂತಿದ್ದವು 9ಕ್ಕೆ ಹಾಗೇ ನಿಲ್ಲುತ್ತವೆ.

ಮೆಸೇಜಿನಲ್ಲಿ ವೆಬ್‌ಸೈಟ್ ಲಿಂಕ್ ಹಾಕಬಹುದಾ?

ಹಾಕಬಹುದು, ಆದರೆ ಆ ಲಿಂಕನ್ನು ಮೊದಲೇ ಪೋರ್ಟಲ್‌ನಲ್ಲಿ ನೋಂದಾಯಿಸಿರಬೇಕು. 2024ರ ಅಕ್ಟೋಬರ್ 1ರಿಂದ ನೋಂದಾಯಿಸದ ಲಿಂಕ್ ಇರುವ ಮೆಸೇಜ್ ಹೋಗುವುದಿಲ್ಲ. ಆ್ಯಪ್ ಇಳಿಸಿಕೊಳ್ಳುವ ಎಪಿಕೆ ಫೈಲಿನ ಲಿಂಕಿಗೂ ಇದೇ ನಿಯಮ. ಬ್ಯಾಂಕಿನ ಹೆಸರಲ್ಲಿ ಕಳ್ಳ ಲಿಂಕ್ ಕಳಿಸಿ ಜನರ ಖಾತೆ ಖಾಲಿ ಮಾಡುತ್ತಿದ್ದರಲ್ಲ, ಅದನ್ನು ತಡೆಯಲು ತಂದದ್ದು. ಕಿರಿಕಿರಿ ಹೌದು, ಆದರೆ ಇದರ ಬಗ್ಗೆ ನನಗೆ ತಕರಾರಿಲ್ಲ.

ಕನ್ನಡದಲ್ಲಿ ಕಳಿಸಬಹುದಾ? ಯಾಕೆ ಡಬಲ್ ದುಡ್ಡು ಹೋಗುತ್ತದೆ?

ಧಾರಾಳವಾಗಿ ಕಳಿಸಬಹುದು. ಟೆಂಪ್ಲೇಟ್ ಹಾಕುವಾಗ ಯೂನಿಕೋಡ್ ಅಂತ ಆರಿಸಿ. ದುಡ್ಡಿನ ವಿಷಯ ಹೀಗಿದೆ. ಇಂಗ್ಲಿಷಿನಲ್ಲಿ ಒಂದು ಎಸ್‌ಎಂಎಸ್‌ಗೆ 160 ಅಕ್ಷರ ಸಿಗುತ್ತದೆ, ಕನ್ನಡದಲ್ಲಿ 70 ಮಾತ್ರ. 70 ದಾಟಿದರೆ ಎರಡು ಎಸ್‌ಎಂಎಸ್ ಲೆಕ್ಕ, ಆಗ ಒಂದೊಂದಕ್ಕೆ 67.

ಆ 70 ಕೂಡ ನಮ್ಮ ಕಣ್ಣಿನ ಲೆಕ್ಕ ಅಲ್ಲ. "ಶ್ರೀ" ನಮಗೆ ಒಂದು ಅಕ್ಷರ, ಯಂತ್ರಕ್ಕೆ ನಾಲ್ಕು: ಶ, ಅರ್ಧಾಕ್ಷರದ ಗುರುತು, ರ, ದೀರ್ಘ. "ಲಕ್ಷ್ಮಿ" ನಮಗೆ ಎರಡು, ಅದಕ್ಕೆ ಏಳು. ಒಂದು ಟೈಲರ್ ಅಂಗಡಿ ಮೆಸೇಜ್ ಹೀಗಿದೆ ಅಂದುಕೊಳ್ಳಿ:

ನಮಸ್ಕಾರ, ನಿಮ್ಮ ಬಟ್ಟೆ ಹೊಲಿದು ಸಿದ್ಧವಾಗಿದೆ. ಬಂದು ತೆಗೆದುಕೊಳ್ಳಿ. ಶ್ರೀ ಲಕ್ಷ್ಮಿ ಟೈಲರ್ಸ್

ಎಣಿಸಿದರೆ 80. ಅಂದರೆ ಎರಡು ಎಸ್‌ಎಂಎಸ್ ದುಡ್ಡು. ಇದನ್ನೇ ಹೀಗೆ ಮಾಡಿ:

ನಿಮ್ಮ ಬಟ್ಟೆ ಹೊಲಿದು ರೆಡಿ ಇದೆ. ಬಂದು ತೆಗೆದುಕೊಳ್ಳಿ. ಶ್ರೀ ಲಕ್ಷ್ಮಿ ಟೈಲರ್ಸ್

68. ಒಂದೇ ಎಸ್‌ಎಂಎಸ್. ನಮಸ್ಕಾರ ಹೋಯಿತಲ್ಲ ಅಂತ ಬೇಜಾರು ಬೇಡ, ಬಟ್ಟೆ ತಗೊಳ್ಳೋಕೆ ಬಂದಾಗ ಬಾಯಲ್ಲೇ ಹೇಳಿ. ಒತ್ತಕ್ಷರ ಕಡಿಮೆ ಇರುವ ಪದ ಆರಿಸಿಕೊಂಡರೆ ದುಡ್ಡು ಉಳಿಯುತ್ತದೆ. ಕನ್ನಡ ದುಬಾರಿ ಅಂತ ಕನ್ನಡವನ್ನೇ ಇಂಗ್ಲಿಷ್ ಅಕ್ಷರದಲ್ಲಿ ಬರೆದು ಕಳಿಸುವವರೂ ಇದ್ದಾರೆ. ಓದುವವರಲ್ಲಿ ವಯಸ್ಸಾದವರಿದ್ದರೆ ದಯವಿಟ್ಟು ಬೇಡ.

ಎಲ್ಲಾ ಏಜೆನ್ಸಿಯವರೇ ನೋಡಿಕೊಳ್ತಾರೆ. ನನಗೇನು ಜವಾಬ್ದಾರಿ?

ಮೆಸೇಜ್ ಹೋಗುವುದು ನಿಮ್ಮ ಹೆಸರಲ್ಲಿ, ಹಾಗಾಗಿ ಹೊಣೆಯೂ ನಿಮ್ಮದು. 2024ರ ಡಿಸೆಂಬರ್ 11ರಿಂದ ನಿಮ್ಮಿಂದ ಹೊರಟ ಮೆಸೇಜ್ ಯಾವ ಯಾವ ಟೆಲಿಮಾರ್ಕೆಟರ್ (ಮೆಸೇಜ್ ಸಾಗಿಸುವ ಏಜೆನ್ಸಿ) ಕೈ ದಾಟಿ ಹೋಗುತ್ತದೆ ಅನ್ನುವ ಸರಪಳಿ ಪೂರ್ತಿ ನೋಂದಾಯಿಸಿರಬೇಕು. ಒಂದು ಕೊಂಡಿ ತಪ್ಪಿದರೂ ಮೆಸೇಜ್ ಬೀಳುತ್ತದೆ. ಏಜೆನ್ಸಿ ಬದಲಿಸಿದಿರಾ? ಸರಪಳಿಯನ್ನೂ ಬದಲಿಸಿ. ಪೋರ್ಟಲ್ ಪಾಸ್‌ವರ್ಡ್ ಮಾತ್ರ ನಿಮ್ಮ ಹತ್ತಿರವೇ ಇಟ್ಟುಕೊಳ್ಳಿ, ನನಗೂ ಕೊಡಬೇಡಿ. ಹಳೇ ಏಜೆನ್ಸಿಯವರು ಫೋನ್ ಎತ್ತುತ್ತಿಲ್ಲ, ಲಾಗಿನ್ ಅವರ ಮೇಲ್ ಐಡಿಯಲ್ಲಿದೆ ಅಂತ ಅಳುವವರನ್ನು ಬೇಕಾದಷ್ಟು ನೋಡಿದ್ದೇನೆ.

ವಾಟ್ಸಾಪ್‌ನಲ್ಲಿ ಕಳಿಸಿದರೆ ಈ ತಲೆನೋವೇ ಇಲ್ಲ ಅಲ್ವಾ?

ಡಿಎಲ್‌ಟಿ ತಲೆನೋವಿಲ್ಲ. ಅಲ್ಲಿ ಅವರದೇ ನಿಯಮ, ಒಪ್ಪಿಗೆ ಅಲ್ಲೂ ಬೇಕು. ಜನ ಬ್ಲಾಕ್ ಮಾಡಿ ರಿಪೋರ್ಟ್ ಒತ್ತಿದರೆ ನಂಬರೇ ಹೋಗುತ್ತದೆ.

ಹೊಸ ಡೇಟಾ ಕಾನೂನು ಸಣ್ಣವರಿಗೂ ಬರುತ್ತದಾ?

ಬರುತ್ತದೆ. ಡಿಜಿಟಲ್ ವೈಯಕ್ತಿಕ ಡೇಟಾ ಕಾಯ್ದೆ 2023ರದು. ಅದರ ನಿಯಮಗಳು 2025ರ ನವೆಂಬರ್‌ನಲ್ಲಿ ಹೊರಬಂದವು, ಮುಖ್ಯ ಹೊಣೆಗಳಿಗೆ 18 ತಿಂಗಳ ಕಾಲಾವಕಾಶ ಇದೆ. ನಂಬರ್ ಯಾಕೆ ತೆಗೆದುಕೊಳ್ಳುತ್ತಿದ್ದೀರಿ ಅಂತ ಹೇಳಿ ತೆಗೆದುಕೊಳ್ಳಬೇಕು. ಒಪ್ಪಿಗೆಯನ್ನು ಕೊಟ್ಟಷ್ಟೇ ಸುಲಭವಾಗಿ ವಾಪಸ್ ಪಡೆಯುವಂತಿರಬೇಕು. ನಂಬರ್ ಯಾಕೆ ಅಂತ ತಿಳಿಸುವ ಪತ್ರವನ್ನು ಇಂಗ್ಲಿಷಿನಲ್ಲಿ ಅಥವಾ ಸಂವಿಧಾನದ ಎಂಟನೇ ಪರಿಚ್ಛೇದದ ಯಾವುದೇ ಭಾಷೆಯಲ್ಲಿ ಓದುವ ಆಯ್ಕೆ ಗ್ರಾಹಕರಿಗೆ ಇರಬೇಕು. ಅಂದರೆ ಕನ್ನಡದಲ್ಲಿ ಕೊಡಿ ಅಂತ ಅವರು ಕೇಳಬಹುದು. ಡೇಟಾ ಕಾಪಾಡುವಲ್ಲಿ ಸೋತರೆ ದಂಡ 250 ಕೋಟಿವರೆಗೂ ಇದೆ. ಟೈಲರ್ ಅಂಗಡಿಗೆ ಅಷ್ಟು ಹಾಕುವುದಿಲ್ಲ ಬಿಡಿ, ಆದರೆ ಗ್ರಾಹಕರ ಪಟ್ಟಿಯನ್ನು ಕೆಲಸದ ಹುಡುಗನ ಫೋನಿನಲ್ಲಿ ಸುಮ್ನೆ ಬಿಟ್ಟಿರುವ ಅಭ್ಯಾಸವನ್ನು ಈಗಲೇ ನಿಲ್ಲಿಸಿ.

ನಮ್ಮ ಕಂಪನಿ ಬೆಂಗಳೂರಿನದು, ಗ್ರಾಹಕರು ಅಮೆರಿಕದವರು. ಯಾವ ನಿಯಮ?

ಅಲ್ಲಿನದು. ಅಲ್ಲಿ 1991ರ ಕಾಯ್ದೆ ಇದೆ, ಟಿಸಿಪಿಎ ಅನ್ನುತ್ತಾರೆ. ಒಪ್ಪಿಗೆಯಿಲ್ಲದ ಒಂದೊಂದು ಮೆಸೇಜಿಗೆ 500 ಡಾಲರ್, ಬೇಕಂತಲೇ ಮಾಡಿದ್ದರೆ 1,500 ಡಾಲರ್‌ವರೆಗೆ ಗ್ರಾಹಕರೇ ಕೋರ್ಟಿಗೆ ಹೋಗಿ ವಸೂಲಿ ಮಾಡಬಹುದು. ಹೊತ್ತಿನ ಲೆಕ್ಕವೂ ಮೆಸೇಜ್ ಬರುವವರ ಊರಿನದ್ದೇ. ನಿಮ್ಮ ಬೆಳಗು ಅವರ ನಡುರಾತ್ರಿ, ಜೋಪಾನ. ಇದಕ್ಕೆ ಅಲ್ಲಿನ ವಕೀಲರನ್ನೇ ಕೇಳಿ.

ಎಲ್ಲಾ ಸರಿ ಇದೆ, ಆದರೂ ಮೆಸೇಜ್ ಹೋಗ್ತಿಲ್ಲ. ಏನು ನೋಡಲಿ?

ಮೊದಲು ನೋಂದಾಯಿಸಿದ ಟೆಂಪ್ಲೇಟನ್ನೂ ಕಳಿಸಿದ ಸಾಲನ್ನೂ ಪಕ್ಕಪಕ್ಕ ಇಟ್ಟುಕೊಂಡು ಅಕ್ಷರ ಅಕ್ಷರ ಓದಿ. ಎರಡು ಪದದ ನಡುವೆ ಜಾಸ್ತಿ ಬಿದ್ದ ಒಂದು ಜಾಗ, ಬಿಟ್ಟುಹೋದ ಚುಕ್ಕಿ, ಫೋನ್ ತಾನಾಗಿಯೇ ಬದಲಿಸಿದ ಉದ್ಧರಣ ಚಿಹ್ನೆ, ಇವೇ ಕಳ್ಳರು. ಆಮೇಲೆ ಆ ಟೆಂಪ್ಲೇಟ್ ಅದೇ ಹೆಡರಿಗೆ ಸೇರಿದೆಯಾ ನೋಡಿ. ಆಮೇಲೆ ಲಿಂಕು, ಆಮೇಲೆ ಸರಪಳಿ, ಆಮೇಲೆ ಗಡಿಯಾರ. ಎಲ್ಲಾ ನೋಡಿಯೂ ಸಿಗದಿದ್ದರೆ ಫೋನ್ ಮಾಡಿ. ಆದರೆ ಸಾವಿರ ಜನಕ್ಕೆ ಬಿಡುವ ಮುಂಚೆ ನಿಮ್ಮದೇ ಫೋನಿಗೆ ಒಂದು ಕಳಿಸಿ ನೋಡಿದ್ದಿರಾ ಅಂತ ಮೊದಲು ಕೇಳುತ್ತೇನೆ, ಉತ್ತರ ಸಿದ್ಧ ಇಟ್ಟುಕೊಂಡಿರಿ.